ಮುಪ್ಪಿನ ಮನಸ್ಸಿನ ಬಗ್ಗೆ ಪಿಎಚ್.ಡಿ.: ಮೊದಲು ಕ್ಲಿನಿಕಲ್ ಸೈಕಾಲಜಿ ಓದಬೇಕೇ?

ಪ್ರಶ್ನೆ: ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ವಯಸ್ಸಾದಂತೆ ನೆನಪು, ಗಮನ, ಯೋಚನೆಯ ವೇಗ ಹೇಗೆ ಬದಲಾಗುತ್ತವೆ ಎಂಬುದರ ಬಗ್ಗೆ ಸಂಶೋಧನೆ ಮಾಡುವ ಆಸೆ. ಅದಕ್ಕೂ ಮೊದಲು ಕ್ಲಿನಿಕಲ್ ಸೈಕಾಲಜಿ ಓದಲೇಬೇಕೇ?

ಬೇಕಿಲ್ಲ. ರೋಗಿಗಳಿಗೆ ಚಿಕಿತ್ಸೆ ಕೊಡುವ ಉದ್ದೇಶವಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಅದಕ್ಕೆ ಪರಿಷತ್ತು ಒಪ್ಪಿದ ಕೋರ್ಸ್ ಬೇಕು. ಸಂಶೋಧನೆಗೆ ಆ ಕಟ್ಟುಪಾಡಿಲ್ಲ. ಮುಪ್ಪು ಎಂದೊಡನೆ ಮರೆವಿನ ಕಾಯಿಲೆ ನೆನಪಾಗುವುದರಿಂದ ಈ ಗೊಂದಲ. ಮುಪ್ಪಿನಲ್ಲಿ ನೆನಪು, ಯೋಚನೆಗಳ ಬದಲಾವಣೆಯನ್ನು ಅಭ್ಯಸಿಸುವ ಈ ಶಾಖೆ (ಕಾಗ್ನಿಟಿವ್ ಏಜಿಂಗ್) ಹೆಚ್ಚಾಗಿ ನೋಡುವುದು ಕಾಯಿಲೆಯಿಲ್ಲದ ಹಿರಿಯರನ್ನು: ಪರಿಚಿತರ ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುವುದೇಕೆ, ಶಬ್ದಭಂಡಾರ ಹಾಗೆಯೇ ಉಳಿದು ವೇಗ ಮಾತ್ರ ಕುಗ್ಗುವುದೇಕೆ ಎಂಬಂಥ ಪ್ರಶ್ನೆಗಳು ಅದರವು.

ನಿಜವಾಗಿ ಬೇಕಾದದ್ದು, ಎಂ.ಎ.ಯಲ್ಲಿ ಎಲ್ಲರೂ ಹೇಗೋ ದಾಟಿ ಬರುವ ಸಂಖ್ಯಾಶಾಸ್ತ್ರ. ಏಕೆಂಬುದಕ್ಕೆ ಒಂದು ಉದಾಹರಣೆ: ಮನಶ್ಶಾಸ್ತ್ರಜ್ಞ ವಾರ್ನರ್ ಶಾಯ್ 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭಿಸಿದ ಅಧ್ಯಯನ ಏಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಪರೀಕ್ಷಿಸಿತು. ಇಪ್ಪತ್ತರವರನ್ನೂ ಎಪ್ಪತ್ತರವರನ್ನೂ ಒಂದೇ ಕಾಲದಲ್ಲಿ ಹೋಲಿಸಿದರೆ ಕುಸಿತ ಬೇಗ ಶುರುವಾದಂತೆ ಕಾಣುತ್ತದೆ. ಅದೇ ಜನರನ್ನು ಹಿಂಬಾಲಿಸಿದರೆ ಹೆಚ್ಚಿನ ಸಾಮರ್ಥ್ಯಗಳು ಅರವತ್ತರ ಆಸುಪಾಸಿನವರೆಗೂ ಗಟ್ಟಿಯಾಗಿವೆ. ಮೊದಲ ಹೋಲಿಕೆ ವಯಸ್ಸಿನ ಜೊತೆಗೆ ಎರಡು ತಲೆಮಾರುಗಳ ಶಾಲೆ, ಊಟ, ಆರೋಗ್ಯವನ್ನೂ ಅಳೆದುಬಿಡುತ್ತದೆ. ಇದೇ ಕ್ಷೇತ್ರದ ಮತ್ತೊಬ್ಬ ಮನಶ್ಶಾಸ್ತ್ರಜ್ಞ ಟಿಮೊತಿ ಸಾಲ್ಟ್‌ಹೌಸ್ ಇದನ್ನು ಸುಲಭವಾಗಿ ಒಪ್ಪುವುದಿಲ್ಲ: ಅದೇ ಪರೀಕ್ಷೆ ಮತ್ತೆ ಮತ್ತೆ ಬರೆದವರಿಗೆ ಅಭ್ಯಾಸವಾಗಿರುತ್ತದೆ, ಆ ಲಾಭ ಕುಸಿತವನ್ನು ಮುಚ್ಚಿಡುತ್ತದೆ ಎಂಬುದು ಅವರ ವಾದ. ಈ ಜಗಳ ರುಚಿಸದಿದ್ದರೆ ಬೇರೆ ವಿಷಯ ಹುಡುಕಿಕೊಳ್ಳುವುದು ಒಳ್ಳೆಯದು, ಪಿಎಚ್.ಡಿ.ಯ ಬಹುಪಾಲು ಸಮಯ ಕಳೆಯುವುದು ಇಂಥದ್ದರಲ್ಲೇ.

ನಮ್ಮಲ್ಲಿ ಈ ಅಳತೆಯ ತೊಡಕು ಇನ್ನೂ ದೊಡ್ಡದು. ಪಾಶ್ಚಾತ್ಯರ ಜನಪ್ರಿಯ ಪರೀಕ್ಷೆಯೊಂದು ನೂರರಿಂದ ಏಳೇಳನ್ನು ಕಳೆಯುತ್ತಾ ಹೋಗಲು, ಒಂದು ವಾಕ್ಯ ಬರೆಯಲು, ಐದು ಮೂಲೆಯ ಆಕೃತಿಗಳನ್ನು ನೋಡಿ ಬಿಡಿಸಲು ಹೇಳುತ್ತದೆ. ಪೆನ್ಸಿಲ್ ಹಿಡಿದೇ ಇರದ ಅಜ್ಜಿ ಇದರಲ್ಲಿ ಸೋಲುತ್ತಾಳೆ. ಡೇರಿಯಲ್ಲಿ ತಿಂಗಳ ಹಾಲಿನ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹಿಡಿಯುವವಳು ಅವಳೇ. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ರೂಪಿಸಿದ ಇದೇ ಪರೀಕ್ಷೆಯ ಹಿಂದಿ ಆವೃತ್ತಿಯಲ್ಲಿ ವಾರದ ದಿನಗಳನ್ನು ಕೊನೆಯಿಂದ ಮೊದಲಿಗೆ ಹೇಳಿಸುತ್ತಾರೆ, ಬರೆಯುವ ಬದಲು ಮನೆಯ ಬಗ್ಗೆ ಏನಾದರೂ ಹೇಳಿ ಎನ್ನುತ್ತಾರೆ. ಇಂಥ ಕೆಲಸಕ್ಕೆ ನಮ್ಮ ಭಾಷೆಗಳಲ್ಲಿ ಇನ್ನೂ ಬೇಕಾದಷ್ಟು ಜಾಗವಿದೆ.

ಹಾಗಾಗಿ ಅರ್ಜಿ ಹಾಕುವ ಮೊದಲು ಒಂದಿಷ್ಟು ಕಾಲ ಮಾಹಿತಿ ಸಂಗ್ರಹಿಸುವ ಕೆಲಸ ಮಾಡಿ ಎಂಬುದು ನನ್ನ ಸಲಹೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ನಿಮ್ಹಾನ್ಸ್‌ನಲ್ಲೂ ಈ ವಿಷಯದ ಸಂಶೋಧಕರಿದ್ದಾರೆ. ಅಲ್ಲಿನ ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಷಿಯಾ (ಮರೆವಿನ ಕಾಯಿಲೆ) ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅನಕ್ಷರಸ್ಥರಲ್ಲೂ ವ್ಯತ್ಯಾಸವಿತ್ತು. ಫಲಿತಾಂಶದ ಬಗ್ಗೆ ಚರ್ಚೆಯಿದೆ, ಆದರೆ ಈ ಪ್ರಶ್ನೆಗೆ ಕೋಲಾರದಂಥ ಕನ್ನಡ-ತೆಲುಗು ಗಡಿನಾಡಿಗಿಂತ ಒಳ್ಳೆಯ ಜಾಗ ಯಾವುದು?

ವಿದೇಶಕ್ಕೆ ಹೋಗುವುದಾದರೆ ಜಾರ್ಜಿಯಾ ಟೆಕ್, ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ, ಎಡಿನ್‌ಬರೊ, ಟೊರೊಂಟೊ ಈ ವಿಷಯದಲ್ಲಿ ಹಳೆಯ ಹೆಸರುಗಳು. ಅಮೆರಿಕದ ಪಿಎಚ್.ಡಿ. ಸಾಮಾನ್ಯವಾಗಿ ಐದು ವರ್ಷದ್ದು. ಸೀಟು ಸಿಕ್ಕಿದವರಿಗೆ ಹೆಚ್ಚಿನ ಕಡೆ ಶುಲ್ಕವಿಲ್ಲ, ಬದಲಿಗೆ ಪಾಠ ಅಥವಾ ಪ್ರಯೋಗಾಲಯದ ಕೆಲಸಕ್ಕೆ ವೇತನವಿದೆ. ಅಲ್ಲಿ ವಿಭಾಗಕ್ಕಿಂತ ಮಾರ್ಗದರ್ಶಕರೇ ಮುಖ್ಯ. ಡಿಸೆಂಬರ್ ಹೊತ್ತಿಗೆ ಅರ್ಜಿಯ ಗಡುವು ಬರುತ್ತದೆ. ಸೆಪ್ಟೆಂಬರ್‌ನಲ್ಲೇ ಅವರಿಗೆ ಪತ್ರ ಬರೆದು, ಆ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ಪತ್ರದಲ್ಲಿ ಅವರ ಒಂದು ಲೇಖನದ ಬಗ್ಗೆ ನಿಮಗಿರುವ ತಕರಾರನ್ನು ಬರೆದರೆ ಇನ್ನೂ ಒಳ್ಳೆಯದು, ಹೊಗಳಿಕೆಯ ಪತ್ರಗಳು ಅವರಿಗೆ ಸಾಕಷ್ಟು ಬರುತ್ತಿರುತ್ತವೆ.