89 ದಡ ಸೇರಿತು, 196 ಇನ್ನೂ ಇಲ್ಲ

8813200023188. 'ವಿಕಟಕವಿ'ಯ ಹಾಗೆ ಇದನ್ನೂ ಹಿಂದಿನಿಂದ ಓದಿ ನೋಡಿ, ಏನೂ ಬದಲಾಗುವುದಿಲ್ಲ. ಎಂಟು ಲಕ್ಷ ಕೋಟಿ ಮೀರಿದ ಈ ಪಾಲಿಂಡ್ರೋಮ್ ಹುಟ್ಟುವುದು ಪುಟ್ಟ 89ರಿಂದ. ಸಂಖ್ಯೆಯನ್ನು ತಿರುಗಿಸಿ ಬರೆದು ಅದಕ್ಕೇ ಕೂಡಿಸುತ್ತ ಹೋಗುವುದು, ಅಷ್ಟೇ ಆಟ. 89+98=187, 187+781=968. ಹೀಗೆ 24 ಹೆಜ್ಜೆ.

ಆ ಕೊನೆಯ ಸಂಖ್ಯೆಯನ್ನು 11ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಕಾರಣ ಮೊದಲ ಹೆಜ್ಜೆಯಲ್ಲೇ ಇದೆ. 89+98ರಲ್ಲಿ 8 ಒಮ್ಮೆ ಬಿಡಿ ಸ್ಥಾನದಲ್ಲಿ, ಒಮ್ಮೆ ಹತ್ತರ ಸ್ಥಾನದಲ್ಲಿ ಕೂರುತ್ತದೆ. 9 ಕೂಡ ಹಾಗೇ. ಅಂದರೆ ಮೊತ್ತ (8+9)×11. 11ರ ಗುಣಕವನ್ನು ತಿರುಗಿಸಿದರೂ ಅದು 11ರ ಗುಣಕವೇ ಆದ್ದರಿಂದ, ಒಮ್ಮೆ ಹೊಕ್ಕ 11 ಮತ್ತೆ ಹೊರಬೀಳುವುದಿಲ್ಲ. 8813200023188ರಲ್ಲಂತೂ ಅದು ಎರಡು ಸಲ ಇದೆ: 22×22×18209090957.

23ನೇ ಹೆಜ್ಜೆಯಲ್ಲಿ ಸಿಗುವುದು 1801200002107. ಇದನ್ನು ತಿರುಗಿಸಿ ಕೂಡಿಸಿದರೆ ಎಲ್ಲೂ 'ಕೈಯಲ್ಲಿ ಒಂದು' ಉಳಿಯುವುದಿಲ್ಲ: 1+7, 8+0, 0+1... ಎಲ್ಲವೂ ಹತ್ತರೊಳಗೆ. ಹಾಗಾದಾಗ ಮೊತ್ತ ತಾನಾಗಿ ಪಾಲಿಂಡ್ರೋಮ್ ಆಗುತ್ತದೆ.

ನೂರರೊಳಗಿನ ಎಲ್ಲ ಸಂಖ್ಯೆಗಳೂ ಹೀಗೆ ದಡ ಸೇರುತ್ತವೆ. ಸಿಕ್ಕಿಹಾಕಿಕೊಂಡಿರುವುದು 196. ಆಟೋಡೆಸ್ಕ್ ಎಂಬ ಸಾಫ್ಟ್‌ವೇರ್ ಕಂಪನಿಯ ಸಂಸ್ಥಾಪಕರಲ್ಲೊಬ್ಬರಾದ ಜಾನ್ ವಾಕರ್ 1987ರ ಆಗಸ್ಟ್‌ನಲ್ಲಿ ತಮ್ಮ ಕಂಪ್ಯೂಟರಿಗೆ, ಬೇರೆ ಕೆಲಸವಿಲ್ಲದಾಗ ಈ ಲೆಕ್ಕ ಮಾಡುತ್ತಿರು ಎಂದು ವಹಿಸಿಬಿಟ್ಟರು. 1990ರ ಮೇ ಹೊತ್ತಿಗೆ 24,15,836 ಹೆಜ್ಜೆಗಳಾಗಿ ಸಂಖ್ಯೆ ಹತ್ತು ಲಕ್ಷ ಅಂಕಿ ಮುಟ್ಟಿತ್ತು. ಪಾಲಿಂಡ್ರೋಮ್ ಮಾತ್ರ ಇಲ್ಲ. 1995ರಲ್ಲಿ ಟಿಮ್ ಇರ್ವಿನ್ ಸೂಪರ್‌ಕಂಪ್ಯೂಟರಿನಲ್ಲಿ ಮೂರೇ ತಿಂಗಳಲ್ಲಿ ಇಪ್ಪತ್ತು ಲಕ್ಷ ಅಂಕಿ ದಾಟಿದರು. 2006ಕ್ಕೆ ವೇಡ್ ವ್ಯಾನ್‌ಲ್ಯಾಂಡಿಂಗ್‌ಹ್ಯಾಮ್ ಮೂವತ್ತು ಕೋಟಿ, 2015ಕ್ಕೆ ರೊಮೆಯ್ನ್ ದೊಲ್ಬೊ ನೂರು ಕೋಟಿ. ಇಂಥ ಹಟಮಾರಿ ಸಂಖ್ಯೆಗಳಿಗೆ 'ಲೈಕ್ರೆಲ್' ಎಂದು ಹೆಸರಿಟ್ಟವರೂ ವ್ಯಾನ್‌ಲ್ಯಾಂಡಿಂಗ್‌ಹ್ಯಾಮ್. ತಮ್ಮ ಗೆಳತಿಯ ಹೆಸರಿನ ಅಕ್ಷರಗಳನ್ನು ಕಲಸಿ ಮಾಡಿದ ಪದವಂತೆ.

ಇನ್ನಷ್ಟು ಅಂಕಿ ಓಡಿಸಿದರೆ ಸಿಕ್ಕೀತೇ? ನನಗೆ ನಂಬಿಕೆಯಿಲ್ಲ. ಮನಬಂದಂತೆ ಎರಡು ಅಂಕಿ ಆರಿಸಿದರೆ ಮೊತ್ತ ಹತ್ತರೊಳಗೆ ನಿಲ್ಲುವ ಸಾಧ್ಯತೆ ನೂರಕ್ಕೆ 55. ಸಾವಿರ ಅಂಕಿಯ ಸಂಖ್ಯೆಯಲ್ಲಿ ಇಂಥ 500 ಜೋಡಿಗಳೂ ಒಟ್ಟಿಗೇ ಹಾಗೆ ಕೂಡಿಬರಬೇಕು. ಕೈಯಲ್ಲಿ ಒಂದು ಉಳಿದೂ ಪಾಲಿಂಡ್ರೋಮ್ ಆಗುವುದುಂಟು (56+65=121), ಆದರೆ ಉದ್ದ ಬೆಳೆದಂತೆ ಅದೂ ದುರ್ಲಭ. ಆದರೂ ಇದು ಊಹೆ, ಸಾಬೀತಾದದ್ದಲ್ಲ. 196 ಎಂದಾದರೂ ದಡ ಸೇರಿದರೆ ಸಿಗುವ ಸಂಖ್ಯೆ 11ರಿಂದ ಭಾಗವಾಗಲೇಬೇಕು. ಅದರ ಮೂರನೇ ಹೆಜ್ಜೆಯಾದ 7436 ಆಗಲೇ 11×676.

ಬರೀ 0 ಮತ್ತು 1ರಲ್ಲಿ ಬರೆಯುವ ದ್ವಿಮಾನ ಪದ್ಧತಿಯಲ್ಲಾದರೋ ಪ್ರಶ್ನೆ ಇತ್ಯರ್ಥವಾಗಿದೆ. 10110 ಅಲ್ಲಿ ಎಂದೂ ಪಾಲಿಂಡ್ರೋಮ್ ಆಗದು ಎಂಬುದು ಸಾಬೀತಾಗಿದೆ: ನಾಲ್ಕು ಹೆಜ್ಜೆಗೊಮ್ಮೆ ಅದೇ ವಿನ್ಯಾಸ ತುಸು ಉದ್ದವಾಗಿ ಮರಳುತ್ತದೆ. ತಮಾಷೆಯೆಂದರೆ, ಆ 10110 ನಮ್ಮ ದಶಮಾನದಲ್ಲಿ 22. ಒಂದು ಹೆಜ್ಜೆಯನ್ನೂ ಇಡದೆ ಪಾಲಿಂಡ್ರೋಮ್.