ಕಿಟಕಿಗೆ ಬಡಿದಿದ್ದ ಚಿತ್ರ

ಮಾಸ್ಕೋ ಹತ್ತಿರ ಜ್ವೆನಿಗೊರೊದ್ ಎಂಬ ಊರಿದೆ. ಅಲ್ಲಿನ ಒಂದು ಮನೆಯಲ್ಲಿ ಕಿಟಕಿಗೆ ಪ್ಲೈವುಡ್ ಬಡಿದು ಮುಚ್ಚಿದ್ದರು. ಆ ಪ್ಲೈವುಡ್ಡೇ ಲ್ಯುಬೊವ್ ಪೊಪೊವಾ ಬರೆದ ಚಿತ್ರ! ಹುಡುಕಿಕೊಂಡು ಹೋಗಿದ್ದ ಸಂಗ್ರಾಹಕ ಜಾರ್ಜ್ ಕೋಸ್ಟಾಕಿಸ್ ಅದನ್ನು ಕೇಳಿದರು. ತೆಗೆದರೆ ಮಳೆ ಒಳಗೆ ಬರುತ್ತದಲ್ಲ ಎಂದರು ಮನೆಯವರು. ಕೋಸ್ಟಾಕಿಸ್ ಬೇರೆ ಪ್ಲೈವುಡ್ ತಂದುಕೊಟ್ಟು ಚಿತ್ರ ಪಡೆದರು.

ಪೊಪೊವಾ ಸುಮ್ನೆ ಯಾರೋ ಅಲ್ಲ. ರಷ್ಯದ ಹೊಸ ಚಿತ್ರಕಲೆಯ ದೊಡ್ಡ ಹೆಸರು. 1924ರಲ್ಲಿ ಪುಟ್ಟ ಮಗ ಸ್ಕಾರ್ಲೆಟ್ ಜ್ವರದಿಂದ ಸತ್ತ. ಕೆಲವೇ ದಿನಗಳಲ್ಲಿ ಅದೇ ಜ್ವರ ತಾಯಿಯನ್ನೂ ಬಲಿ ತೆಗೆದುಕೊಂಡಿತು. ಇಂಥವರ ಚಿತ್ರಕ್ಕೆ ಈ ಗತಿ ಬಂದಿದ್ದು ಹೇಗೆ?

1932ರ ಏಪ್ರಿಲ್‌ನಲ್ಲಿ ಕಮ್ಯುನಿಸ್ಟ್ ಪಕ್ಷ ಕಲಾವಿದರ ಸ್ವತಂತ್ರ ಗುಂಪುಗಳನ್ನೆಲ್ಲ ಮುಚ್ಚಿಸಿತು. 1934ರ ಹೊತ್ತಿಗೆ ಸಮಾಜವಾದಿ ವಾಸ್ತವವಾದ, ಅಂದರೆ ಸೋವಿಯತ್ ಬದುಕನ್ನು ಎಲ್ಲರಿಗೂ ಅರ್ಥವಾಗುವಂತೆ ಹೊಗಳಿ ತೋರಿಸುವ ಚಿತ್ರಕಲೆ, ಅದೊಂದೇ ಒಪ್ಪಿತ ಶೈಲಿ. ಉಳಿದ ಚಿತ್ರಗಳು ಗೋಡೆಯಿಂದಿಳಿದು ಉಗ್ರಾಣ ಸೇರಿದವು. ಬರೆದವರ ಹೆಸರೆತ್ತುವುದೂ ಕಷ್ಟವಾಯಿತು.

ನನ್ನನ್ನು ಜಾಸ್ತಿ ಕಾಡುವುದು ಅಲೆಕ್ಸಾಂಡರ್ ದ್ರೆವಿನ್ ಕತೆ. ಲಾಟ್ವಿಯಾದಲ್ಲಿ ಹುಟ್ಟಿದ ಚಿತ್ರಕಾರ. 1938ರ ಜನವರಿಯಲ್ಲಿ ಪೊಲೀಸರು ಹಿಡಿದೊಯ್ದರು. ಫೆಬ್ರವರಿಯಲ್ಲಿ ಗುಂಡಿಟ್ಟು ಕೊಂದರು. ಹೆಂಡತಿ ನಾದೆಝ್ದಾ ಉದಾಲ್ತ್ಸೊವಾಗೆ ಯಾರೂ ಈ ವಿಷಯ ಹೇಳಲಿಲ್ಲ. ಅವರೂ ಚಿತ್ರ ಬರೆಯುವವರೇ. ಮನೆಯಲ್ಲಿದ್ದ ಗಂಡನ ಚಿತ್ರಗಳನ್ನೆಲ್ಲ ತನ್ನವೇ ಎಂದು ಹೇಳಿ ಉಳಿಸಿಕೊಂಡರು. ಗಂಡ ಸತ್ತ ಸುದ್ದಿ ಅವರಿಗೆ ಸಿಕ್ಕಿದ್ದು 1956ರಲ್ಲಿ. ಹದಿನೆಂಟು ವರ್ಷ ಕಾದಿದ್ದರು. ಇವತ್ತು ದ್ರೆವಿನ್ ಬಗ್ಗೆ ಸಂಶೋಧನೆ ಮಾಡುವವರು ಆ ಒಂದು ಸುಳ್ಳಿಗೆ ಋಣಿಗಳು, ಅಲ್ವಾ?

ದಾರಿ ತಪ್ಪಿಸಿದ ಕಲಾವಿದರೂ ಇದ್ದಾರೆ. ಕಾಜಿಮಿರ್ ಮಾಲೆವಿಚ್ 1927ರಲ್ಲಿ ತಮ್ಮ ಎಷ್ಟೋ ಚಿತ್ರಗಳನ್ನು ಬರ್ಲಿನ್‌ನಲ್ಲಿ ಬಿಟ್ಟುಬಂದರು. ಆಮೇಲೆ ಹೊಸದಾಗಿ ಬರೆದವುಗಳಲ್ಲಿ ಕೆಲವಕ್ಕೆ ಹಳೆಯ ಇಸವಿ ಹಾಕಿದರು. ಕಲಾ ಇತಿಹಾಸಕಾರರು ದಶಕಗಳ ಕಾಲ ಅದನ್ನೇ ನಂಬಿದರು. ಒಂದೊಂದೇ ಚಿತ್ರವನ್ನು ಮತ್ತೆ ಪರಿಶೀಲಿಸಿ ಸರಿಯಾದ ವರ್ಷ ಗುರುತಿಸಬೇಕಾಯಿತು.

ದಾಖಲೆ ಇಲ್ಲದ ಜಾಗದಲ್ಲಿ ನಕಲಿಗಳೂ ನುಗ್ಗಿದವು. 2017ರಲ್ಲಿ ಬೆಲ್ಜಿಯಂನ ಗೆಂಟ್ ನಗರದ ಕಲಾ ಮ್ಯೂಸಿಯಂ ಒಬ್ಬ ಸಂಗ್ರಾಹಕರಿಂದ ತಂದ ರಷ್ಯನ್ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿತ್ತು. ಅವು ಅಸಲಿಯೇ ಎಂದು 2018ರ ಜನವರಿಯಲ್ಲಿ ತಜ್ಞರು ಬಹಿರಂಗ ಪತ್ರ ಬರೆದು ಪ್ರಶ್ನಿಸಿದರು. ಮ್ಯೂಸಿಯಂ ಅವನ್ನು ತೆಗೆಯಬೇಕಾಯಿತು.

ಹಾಗಾಗಿ ಮನೆಯವರು ಕಾಪಾಡಿದ ಕಾಗದಗಳಿಗೆ ಇಷ್ಟು ಬೆಲೆ. ಚಿತ್ರಕಾರ ಪಾವೆಲ್ ಫಿಲೊನೊವ್ 1941ರ ಡಿಸೆಂಬರ್ 3ರಂದು, ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾದ್ ನಗರಕ್ಕೆ ಹಾಕಿದ ಮುತ್ತಿಗೆಯ ಹಸಿವಿನಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ತಂಗಿ ಯೆವ್ದೊಕಿಯಾ ಗ್ಲೆಬೊವಾ ದಶಕಗಳ ಕಾಲ ಜೋಪಾನ ಮಾಡಿ, 1977ರಲ್ಲಿ ರಷ್ಯನ್ ಮ್ಯೂಸಿಯಂಗೆ ದಾನ ಕೊಟ್ಟರು. ಫಿಲೊನೊವ್ ಡೈರಿಯೂ ಉಳಿದಿದೆ. ದುಡ್ಡು ಮುಗಿಯುತ್ತಾ ಬಂದಾಗ ಕೊಂಡ ಟೀ, ಸಕ್ಕರೆಯ ಲೆಕ್ಕ ಕೂಡ ಅದರಲ್ಲಿದೆ.