ಬಂದು ಹೋದ ನೆರೆ ಮತ್ತೆ ಬರಲ್ಲ ಅನ್ನೋರಿಗೆ

ರಾಯಚೂರು ಜಿಲ್ಲೆಯ ಹೊಳೆದಂಡೆ ಊರುಗಳಿಗೆ ವಿಪತ್ತು ಯೋಜನೆ ಬರೆಯಲು ಹೋದಾಗಲೆಲ್ಲ ಒಂದೇ ಮಾತು ಕೇಳಿ ಸಾಕಾಗಿದೆ. "ಸಾಹೇಬ್ರ, 2009ರದ್ದು ನೂರು ವರ್ಷಕ್ಕೊಮ್ಮೆ ಬರೋ ನೆರಿ. ಬಂದು ಹೋತು. ಇನ್ನ ನಮ್ಮ ಕಾಲಕ್ಕ ಬರಂಗಿಲ್ಲ ಬಿಡ್ರಿ." ಊರಿನ ಹಿರಿಯರಷ್ಟೇ ಅಲ್ಲ, ಪ್ಲಾಟ್ ಹಾಕುವವರು, ಓದಿದ ಎಂಜಿನಿಯರುಗಳೂ ಹೀಗೇ ಹೇಳುತ್ತಾರೆ.

ನೂರು ವರ್ಷದ ನೆರೆ ಅಂದರೆ ಅದು ಸರದಿ ಪ್ರಕಾರ ಬರುತ್ತದೆ ಅಂತಲ್ಲ. ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ಪ್ರತಿ ವರ್ಷವೂ ನೂರರಲ್ಲಿ ಒಂದು, ಅಷ್ಟೇ. ಹೋದ ವರ್ಷ ಬಂದಿದ್ದರೂ ಈ ವರ್ಷ ನೂರರಲ್ಲಿ ಒಂದೇ. ಚೌಕಾಬಾರದಲ್ಲಿ ಈಗ ತಾನೇ ಎಂಟು ಬಿತ್ತು ಅನ್ನೋದು ಕವಡೆಗೆ ನೆನಪಿರುತ್ತದೆಯೇ? ನೀವು ಸಾಲ ಮಾಡಿ ದಂಡೆಯಲ್ಲಿ ಮನೆ ಕಟ್ಟಿ 30 ವರ್ಷ ವಾಸ ಮಾಡುತ್ತೀರಿ ಅಂದುಕೊಳ್ಳಿ. ಆ ಅವಧಿಯಲ್ಲಿ ಒಮ್ಮೆಯಾದರೂ ಅಂಥ ನೆರೆ ನೋಡುವ ಸಾಧ್ಯತೆ ಶೇ. 26ರಷ್ಟು. ಅಂದರೆ ಅಂಥ ನಾಲ್ಕು ಊರುಗಳಲ್ಲಿ ಒಂದಕ್ಕೆ. ಇದೇನು ಸಣ್ಣದಲ್ಲ, ಅಲ್ವಾ?

ಈ ನೂರರಲ್ಲಿ ಒಂದು ಅನ್ನುವುದೂ ಅಂದಾಜೇ. ಕೆಲವು ದಶಕಗಳ ಅಳತೆ ಇಟ್ಟುಕೊಂಡು ಲೆಕ್ಕ ಹಾಕಿರುತ್ತೇವೆ. ಮಳೆಯ ರೀತಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅದಕ್ಕೇ ನೆರೆ ನೀರು ಇಲ್ಲಿವರೆಗೆ ಬರಬಹುದು ಅಂತ ನಾನು ಹಾಕುವ ಗೆರೆಗಿಂತ ಸ್ವಲ್ಪ ಮೇಲೇ ಪಾಯ ಎತ್ತಿ ಅನ್ನುತ್ತೇನೆ.

"ಮ್ಯಾಲ ಡ್ಯಾಮ್ ಅದಾವಲ್ರಿ" ಅನ್ನುತ್ತಾರೆ. ಅಣೆಕಟ್ಟು ಸಣ್ಣ ನೆರೆಯನ್ನು ತಡೆಯುತ್ತದೆ. ಆದರೆ ಅದು ತುಂಬಿರುವಾಗ ದೊಡ್ಡ ನೀರು ಬಂದರೆ ಕೆಳಗೆ ಬಿಡಲೇಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾದಾಗ, ಒತ್ತಡ ಇಳಿಸಲು ಬೇರೆ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ನಮ್ಮಲ್ಲಿ ಬಿಸಿಲಿದ್ದರೂ ಮಲೆನಾಡಿನಲ್ಲಿ, ಮಹಾರಾಷ್ಟ್ರದಲ್ಲಿ ಬಿದ್ದ ಮಳೆ ತುಂಗಭದ್ರೆಗೂ ಕೃಷ್ಣೆಗೂ ಬರುತ್ತದೆ. 2009ರಲ್ಲಂತೂ ಮುಂಗಾರು ದೇಶದ ತುಂಬ ಕೈಕೊಟ್ಟಿತ್ತು. ಬರ ಅಂತ ಕೂತಿದ್ದವರ ಮೇಲೆ ಸೆಪ್ಟೆಂಬರ್ ಕೊನೆಗೆ ಮಳೆ ಸುರಿಯಿತು.

ಆಗ ಸತ್ತವರಲ್ಲಿ ಬಹಳ ಮಂದಿ ಹೊಳೆಯಲ್ಲಿ ಕೊಚ್ಚಿ ಹೋದವರಲ್ಲ, ಮಣ್ಣಿನ ಮನೆ ಕುಸಿದು ಹೋದವರು. ಮಾಳಿಗೆ ಮಣ್ಣು ನಾಕು ದಿನ ನೆನೆದರೆ ತೂಕ ಜಾಸ್ತಿಯಾಗುತ್ತದೆ, ಕೆಳಗಿನ ಗೋಡೆ ಮೆತ್ತಗಾಗುತ್ತದೆ. ದಂಡೆಯಿಂದ ದೂರ ಇರುವ ಊರಿಗೂ ಈ ಅಪಾಯ ಇದೆ. ನಕ್ಷೆಯಲ್ಲಿ ಮುಳುಗುವ ಜಾಗಕ್ಕಷ್ಟೇ ನೀಲಿ ಬಣ್ಣ ಬಳಿಯುವವರು ಇದನ್ನು ಮರೆಯುತ್ತಾರೆ.

ಮಾನ್ವಿ ಕಡೆಯ ಒಂದು ಊರಲ್ಲಿ ಒಬ್ಬ ಅಜ್ಜಿ ಪಡಸಾಲೆಯ ಗೋಡೆ ತೋರಿಸಿದರು. ಎದೆಮಟ್ಟದಲ್ಲಿ ನೆರೆ ನೀರು ನಿಂತ ಕಂದು ಗೆರೆ, ಮೇಲೆ ಎರಡು ಸಲ ಸುಣ್ಣ ಬಳಿದಿದ್ದರು. "ಮದುವಿ ಇತ್ತಪಾ, ಚಂದ ಕಾಣಲಿ ಅಂತ" ಅಂದರು. ನೆರೆ ಸಂತ್ರಸ್ತರಿಗೆ ಹೊಸ ಜಾಗದಲ್ಲಿ ಕೊಟ್ಟ ಆಸರೆ ಯೋಜನೆಯ ಮನೆಗೆ ಹೋಗಲಿಲ್ಲವೇ ಅಂದರೆ, ಹೊಲ ದೂರ, ಎಮ್ಮೆ ಕಟ್ಟೋಕೆ ಜಾಗ ಇಲ್ಲ ಅಂದರು. ಅವರದ್ದು ಹಟವಲ್ಲ, ಬದುಕು. ಅಂಥವರನ್ನು ಸುಮ್ನೆ ಬೈದು ಬರುವುದು ನನ್ನಿಂದ ಆಗಲ್ಲ.

ಗ್ರಾಮ ಪಂಚಾಯಿತಿಯ ಪಿಡಿಒಗಳಿಗೆ (ಅಭಿವೃದ್ಧಿ ಅಧಿಕಾರಿಗಳಿಗೆ) ಒಂದು ಕೋರಿಕೆ. ಅಂಥ ಗೆರೆ ಇನ್ನೂ ಉಳಿದಿದ್ದರೆ ಅಳೆದು, ಶಾಲೆಯ ಗೋಡೆಗೆ ಅದೇ ಎತ್ತರದಲ್ಲಿ ಎಣ್ಣೆ ಬಣ್ಣದಲ್ಲಿ ಬರೆಸಿ, ವರ್ಷ ಹಾಕಿಸಿ. ಮನೆಗೆ ಪರವಾನಗಿ ಕೇಳಿ ಬಂದವರನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.